ಲಡಾಯಿ ಲಾರಿ ತಿರುಗಿತು

"ಹಿಡೀರಿ ಸಾಹೇಬ್ರ, ನೀವೂ ಒಂದ್ ಕೈ ಹಿಡೀರಿ! ಇದರ ಸೊಕ್ಕ ಎಷ್ಟೈತಿ ನೋಡೇ ಬಿಡೂಣು!"

ಮಶಾಕಸಾಬ ಲಾರಿಯ ಸ್ಟೀರಿಂಗ್ ಚಕ್ರಕ್ಕೆ ಜೋತುಬಿದ್ದಿದ್ದ. ಒಂದು ಕಾಲನ್ನು ಬಾಗಿಲ ಚೌಕಟ್ಟಿಗೆ ಒತ್ತಿ, ಹಲ್ಲು ಕಚ್ಚಿ ಜಗ್ಗುತ್ತಿದ್ದ. ಕುಂದಗೋಳದ ಈ ಮಿಸ್ತ್ರಿ ಬೆಳಗಿನಿಂದ ಕೈಗಿಂತ ಬಾಯಿಯನ್ನೇ ಹೆಚ್ಚು ದುಡಿಸಿದ್ದ. ಚಕ್ರ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಫೌಜದಾರ ಮಡಿವಾಳೆಪ್ಪ ಟೊಪ್ಪಿಗೆ ತೆಗೆದು ಹವಾಲ್ದಾರ ಸಣ್ಣಪ್ಪನ ಕೈಗಿತ್ತು, ತಾನೂ ಹತ್ತಿ ಕೈ ಹಾಕಿದ. ಇಬ್ಬರೂ ಸೇರಿ ಜಗ್ಗಿದರು. ಹಳೆಯ ಲಾರಿಯ ಮೈಯೆಲ್ಲ ಕಿರುಗುಟ್ಟಿತೇ ಹೊರತು ಚಕ್ರ ಕಲ್ಲಿನಲ್ಲಿ ನೆಟ್ಟ ಹಾಗೆ ನಿಂತೇ ಇತ್ತು.

"ಆತು, ಸಾಕ ಬಿಡು," ಎಂದು ಇಳಿದ ಮಡಿವಾಳೆಪ್ಪನ ಅಂಗೈ ಕೆಂಪಾಗಿತ್ತು. ಸಿಟ್ಟೂ ಬಂದಿತ್ತು, ಯಾರ ಮೇಲೆ ಎಂದು ಅವನಿಗೇ ತಿಳಿಯದಂಥ ಸಿಟ್ಟು.

ಗುಡಗೇರಿಯ ಹತ್ತಿ ಗಿರಣಿಯಲ್ಲಿ ತೂಕ ಮಾಡುವ ಗೂಳಪ್ಪ, ಗಿರಣಿಯ ಹಿಂದಿನ ಹಳ್ಳದ ತಿರುವಿನಲ್ಲಿ ಗಾಲಿಗೆ ಸಿಕ್ಕು ಸತ್ತು ಬಿದ್ದಿದ್ದ. ಈ ಲಾರಿಯ ಡ್ರೈವರ್ ಹುಚ್ಚಪ್ಪ ತಾನಾಗಿ ಠಾಣೆಗೆ ಬಂದು, 'ಬೇಕಂತ ಹಾಯಿಸಿದೆ' ಎಂದು ಒಪ್ಪಿಕೊಂಡಿದ್ದ. ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ಅದನ್ನೇ ಹೇಳಿದರೆ ಕೊಲೆಯ ಮೊಕದ್ದಮೆ ಅವನ ಕೊರಳಿಗೆ ಬೀಳುತ್ತದೆ. ಅಷ್ಟರೊಳಗೆ, ಅಂದರೆ ಇವತ್ತು ಹೊತ್ತು ಮುಳುಗುವುದರೊಳಗೆ, ಜಪ್ತಿಯಾದ ಲಾರಿ ಗುಡಗೇರಿಯಿಂದ ಕುಂದಗೋಳದ ಠಾಣೆಯ ಅಂಗಳಕ್ಕೆ ಬರಬೇಕೆಂದು ಮೇಲಿನವರ ಹುಕುಂ ಆಗಿತ್ತು.

ಕೊಂದದ್ದಾಗಿ ಹೇಳಿದವನು ಕಂಬಿಯ ಹಿಂದೆ ಸುಮ್ಮನೆ ಕೂತಿದ್ದ. ತಕರಾರು ಮಾಡುತ್ತಿದ್ದದ್ದು ಈ ಲಾರಿಯೊಂದೇ.

ಊರವರು ಇದನ್ನು ಲಡಾಯಿ ಲಾರಿ ಎನ್ನುತ್ತಿದ್ದರು. ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದನ್ನು ಗಿರಣಿಯ ಒಡೆಯ ಸಾವಕಾರ ಶಂಭುಲಿಂಗಪ್ಪನ ತಂದೆ ಕೊಂಡು ತಂದಿದ್ದರಂತೆ. ಚಪ್ಪಟೆ ಮೂಗು, ಹಸಿರು ಬಣ್ಣದ ಮೇಲೆ ನೀಲಿ, ನೀಲಿಯ ಮೇಲೆ ಕೆಂಪು, ಈಗ ಯಾವುದೂ ಅಲ್ಲದ ಬಣ್ಣ. ಹತ್ತಿಯ ಹಂಗಾಮು ಬಂದರೆ ಹೊರಗೆ ಬರುವುದು, ಮುಗಿದರೆ ಗಿರಣಿಯ ಹಿಂದಿನ ಈ ತಗಡಿನ ಶೆಡ್ಡಿಗೆ ಸೇರುವುದು, ಇದೇ ಅದರ ಸಂಸಾರ. ವಾರಕ್ಕೊಮ್ಮೆ ಗಿರಣಿಯವರು ನಿಂತಲ್ಲೇ ಇಂಜಿನ್ ಚಾಲೂ ಮಾಡಿ, ಅದು ಕೆಮ್ಮಿ ಹೊಗೆ ಬಿಟ್ಟ ಮೇಲೆ ಬಂದ್ ಮಾಡುತ್ತಿದ್ದರು. ಜಪ್ತಿಯಾದ ಗಾಡಿಯನ್ನು ನಡೆಸುವುದು ಬೇಡ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದರಾಯಿತು ಎಂದು ಮಡಿವಾಳೆಪ್ಪ ಬಂದಿದ್ದ. ಎಳೆಯಬೇಕಾದರೂ ಗಾಲಿ ತಿರುಗಬೇಕಲ್ಲ!

"ನಾ ಮೊದಲ ಹೇಳಿದ್ನಿಲ್ರಿ?" ಮಶಾಕಸಾಬ ಬೆವರು ಒರೆಸಿಕೊಂಡ. "ಗೂಳಪ್ಪಗ ಹಾಯ್ದು ಹಳ್ಳದ ಕಲ್ಲಿಗೆ ಬಡದೈತಿ. ಆ ಪೆಟ್ಟಿಗೆ ರಾಡು ಬಾಗಿ, ಶೆಡ್ಡಿಗೆ ಬಂದು ನಿಂತ ಮ್ಯಾಲ ಪೂರಾ ಜಾಮ್ ಆಗೇತಿ. ಬರಕೋರಿ, ಸಹಿ ಮಾಡ್ತೀನಿ."

ಸಣ್ಣಪ್ಪ ಬರೆದುಕೊಂಡ. ಮಶಾಕಸಾಬ ಕೈ ಒರೆಸಿ ದೊಡ್ಡದಾಗಿ ಸಹಿ ಹಾಕಿದ. ತಾನೊಬ್ಬ ತಜ್ಞನಾದೆನೆಂಬ ಖುಷಿ ಅವನ ಮೀಸೆಯಲ್ಲಿ ಕಾಣುತ್ತಿತ್ತು.

ಅಷ್ಟರಲ್ಲಿ ಶೆಡ್ಡಿನ ಬಾಗಿಲಿನಿಂದ ಒಂದು ಸಣ್ಣ ದನಿ ಬಂತು. "ಯಪ್ಪಾ, ಅದನ್ನ ಹಂಗ ಬಿಡ್ರಿ."

ಹುಚ್ಚಪ್ಪನ ಹೆಂಡತಿ ದುರಗವ್ವ. ಬೆಳಗಿನಿಂದ ಅಲ್ಲೇ ನಿಂತಿದ್ದಳು. ಬಾ ಎಂದವರಿಲ್ಲ, ಹೋಗು ಎಂದವರೂ ಇಲ್ಲ.

"ಯಾಕ?" ಎಂದ ಮಡಿವಾಳೆಪ್ಪ.

"ಗೊತ್ತಿಲ್ರಿ. ನಿನ್ನಿ ಠಾಣೆಕ ರೊಟ್ಟಿ ಕೊಡಾಕ ಹೋದಾಗ ನಮ್ಮವ್ರು ಹೇಳಿದ್ರು. ಲಾರಿ ಯಾರೂ ಮುಟ್ಟದಂಗ ನೋಡ್ಕೋ ಅಂದ್ರು."

"ನೀ ನೋಡ್ಕೊಂತಿ, ಪೊಲೀಸ್ನವ್ರು ಮನಿಗೆ ಹೋಗ್ಲೇನು? ಸುಮ್ ಕುಂಡ್ರಬೇ ಅತ್ತಾಗ!"

ದುರಗವ್ವ ಕೂಡಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದಳು. ಗಂಡ ಒಪ್ಪಿಸಿದ ಕೆಲಸವನ್ನು ಹೇಗೆ ಮಾಡಬೇಕೆಂಬುದು ಪಾಪ ಅವಳಿಗೆ ತಿಳಿಯದು.

ಸಾವಕಾರ ಶಂಭುಲಿಂಗಪ್ಪ ಚಹಾ ಕಳಿಸಲಿಲ್ಲ, ಚಹಾದ ಜೊತೆ ತಾನೇ ಬಂದ. ಬಿಳಿ ಧೋತರ, ಹಣೆಯ ತುಂಬ ವಿಭೂತಿ, ಮಾತಿನಲ್ಲಿ ಬೆಲ್ಲ. ಮಿಸ್ತ್ರಿಯನ್ನು ಕರೆಸಿದ್ದೂ ಅವನೇ, ಟ್ರ್ಯಾಕ್ಟರ್ ಕೊಟ್ಟವನೂ ಅವನೇ. ಸರಕಾರದ ಕೆಲಸಕ್ಕೆ ಇಷ್ಟು ಅನುಕೂಲ ಮಾಡಿಕೊಡುವ ಸಾವಕಾರನನ್ನು ಮಡಿವಾಳೆಪ್ಪ ತನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಕಂಡಿಲ್ಲವಲ್ಲ ಎಂದು ಆಗಲೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಏಕೆಂದರೆ ಚಹಾ ಚೆನ್ನಾಗಿತ್ತು.

"ಏನ್ ಸಾಹೇಬ್ರ, ಬರವಲ್ದೇನು?"

"ಬರವಲ್ದು ನೋಡ್ರಿ ಸಾವಕಾರ್ರ."

"ಗಾಲಿ ಕಡೆಯಿಂದ ಬಿಚ್ಚಿ ನೋಡಂತ ಹೇಳ್ರಿ ಮಶಾಕಗ."

ಮಶಾಕಸಾಬ ಲಾರಿಯ ಕೆಳಗೆ ಮಲಗಿ ಸರಿದ. ಜಾಕಿ ಏರಿಸಿ ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿದ. ಸ್ಟೀರಿಂಗಿನಿಂದ ಗಾಲಿಗೆ ಹೋಗುವ ಕಬ್ಬಿಣದ ತೋಳನ್ನು ಬಿಚ್ಚಿದ. ಬಿಚ್ಚಿದೊಡನೆ ಗಾಲಿಗಳು ಒಂದು ಬೆರಳಿಗೆ ಎಡಕ್ಕೂ ಬಲಕ್ಕೂ ಹೊರಳಿದವು.

ಮಡಿವಾಳೆಪ್ಪ ಬಗ್ಗಿ ನೋಡಿದ. ಬಲಗಾಲಿಗೆ ಒಣಗಿದ ರಕ್ತ ಇತ್ತು, ಗೂಳಪ್ಪನ ಧೋತರದ ಚೂರು ಅಂಟಿತ್ತು. ಆದರೆ ಯಾವ ರಾಡೂ ಬಾಗಿರಲಿಲ್ಲ.

"ಇಲ್ಲೇನೂ ಆಗಿಲ್ಲಲ್ಲೋ ಮಶಾಕ. ಪೆಟ್ಟು ಬಿದ್ರ ಇಲ್ಲಿ ಬೀಳಬೇಕಲ್ಲ?"

"ಪೆಟ್ಟು ಒಳಗ ಹೋಗೇತ್ರಿ," ಎಂದ ಮಶಾಕಸಾಬ, ಸ್ವಲ್ಪವೂ ಅಳುಕದೆ. "ಹಿಡದದ್ದು ಮ್ಯಾಲ. ಈ ಕೊಳವಿಯೊಳಗ."

ಚಕ್ರದ ಕೆಳಗಿನಿಂದ ಇಂಜಿನ್ನಿನ ಬದಿಗೆ ಓರೆಯಾಗಿ ಇಳಿಯುವ ಉದ್ದನೆಯ ಕೊಳವೆಯನ್ನು ಅವನು ಸುತ್ತಿಗೆಯಿಂದ ಬಡಿದು ತೋರಿಸಿದ. ಅದರೊಳಗೆ ಸ್ಟೀರಿಂಗಿನ ರಾಡು. ಅದೇ ಹಿಡಿದುಕೊಂಡಿತ್ತು.

"ಹಂಗಾರ ಕಾಸಿ ನೋಡಬೇಕು," ಎಂದ ಶಂಭುಲಿಂಗಪ್ಪ, ಚಹಾದ ಬಟ್ಟಲು ಕೆಳಗಿಡುತ್ತ. "ನಮ್ಮ ಗಿರಣ್ಯಾಗ ಬೆಂಕಿ ಊದೋ ದೀಪ ಐತಿ. ತರಸ್ಲೇನ್ರಿ?"

ದೀಪ ಬಂತು. ಚಿಮಣಿ ಎಣ್ಣೆ, ಎಂದರೆ ಸೀಮೆಎಣ್ಣೆ, ತುಂಬಿ, ಪಂಪು ಹೊಡೆದು ಹಚ್ಚಿದರೆ ಬುಸ್ಸೆಂದು ನೀಲಿ ಬೆಂಕಿ ಉಗುಳುವಂಥದ್ದು. ದುರಗವ್ವ ಒಂದು ಹೆಜ್ಜೆ ಮುಂದೆ ಬಂದಳು. ಸಣ್ಣಪ್ಪ ಕೈ ಅಡ್ಡ ಹಿಡಿದ.

"ಹಚ್ಚು," ಎಂದು ಮಡಿವಾಳೆಪ್ಪ ಹೇಳಿದ. ಹೇಳಿದವನು ಅವನೇ, ಬೇರೆ ಯಾರೂ ಅಲ್ಲ.

ಕೊಳವೆ ಕಾಯತೊಡಗಿತು. ಮಶಾಕಸಾಬ ಬೆಂಕಿಯನ್ನು ಮೇಲೆ ಕೆಳಗೆ ಆಡಿಸಿದ. ಮೊದಲು ಬಣ್ಣ ಸುಟ್ಟ ನಾತ ಬಂತು. ಆಮೇಲೆ ಬೇರೊಂದು ವಾಸನೆ ಶೆಡ್ಡಿನ ತುಂಬ ಹರಡಿತು.

ಸಣ್ಣಪ್ಪ ಮೂಗರಳಿಸಿದ. "ಸಾಹೇಬ್ರ, ಎಲ್ಲೋ ಮಿರ್ಚಿ ಭಜಿ ಕರಿಯಾಕ ಹತ್ಯಾರ್ರಿ."

ನೋಡಲು ಬಂದ ಹಮಾಲರು ನಕ್ಕರು. ಮಶಾಕಸಾಬನೂ ನಕ್ಕ. ಮಡಿವಾಳೆಪ್ಪ ಮಾತ್ರ ನಗಲಿಲ್ಲ. ವಾಸನೆ ಲಾರಿಯಿಂದಲೇ ಬರುತ್ತಿತ್ತು.

ಕೊಳವೆಯ ಕೆಳಗಿನ ಬಾಯಿಂದ ಕಂದು ಬಣ್ಣದ ಅಂಟೊಂದು ಜೋಲಾಡಿತು. ಹತ್ತಿಯ ಎಳೆ ಬೆರೆತ, ಒಣಗಿ ಗಟ್ಟಿಯಾದ ಅಂಟು. ಬೆಂಕಿ ತಾಗಿದ್ದೇ ಕರಗಿ ಹನಿಹನಿಯಾಗಿ ಬೀಳತೊಡಗಿತು. ಒಳಗೆ ಎಲ್ಲೋ ಟಕ್ಕೆಂದಿತು. ಮಶಾಕಸಾಬ ಮೇಲೆ ಹಾರಿ ಚಕ್ರ ಹಿಡಿದು ಜಗ್ಗಿದ. ಚಕ್ರ ಅರ್ಧ ತಿರುಗಿತು. ಇನ್ನೊಮ್ಮೆ ಜಗ್ಗಿದ, ಪೂರ್ತಿ ತಿರುಗಿತು.

"ಬಂತು! ಬಂತು ನೋಡ್ರಿ ಮಗಂದು!"

ಹಮಾಲರು ಕೇಕೆ ಹಾಕಿದರು. ಮಶಾಕಸಾಬ ಡಬ್ಬಿಯಲ್ಲಿದ್ದ ಚಿಮಣಿ ಎಣ್ಣೆಯನ್ನು ಕೊಳವೆಯ ಮೇಲಿನ ಸಂದಿಗೆ ಹೊಯ್ದ. ಅದು ಕೆಳಗಿನಿಂದ ಕಪ್ಪಾಗಿ ಹರಿಯಿತು. ಉಳಿದದ್ದನ್ನು ಹತ್ತಿಯ ಉಂಡೆಯಿಂದ ಒರೆಸಿ ಒರೆಸಿ ಬೆಂಕಿಗೆ ಎಸೆದ. ಚಟಚಟ ಉರಿದು ಬೂದಿಯಾಯಿತು.

ಮಡಿವಾಳೆಪ್ಪ ಬೆರಳಿಗೆ ಹತ್ತಿದ್ದ ಒಂದು ಹನಿಯನ್ನು ಮೂಗಿನ ಹತ್ತಿರ ಹಿಡಿದ. ಕುಸುಬಿ ಎಣ್ಣೆ. ಅನುಮಾನವೇ ಇಲ್ಲ. ಅವನ ತಾಯಿಯ ಅಡುಗೆಮನೆಯಲ್ಲಿ ಎಣ್ಣೆ ಗಡಿಗೆಯ ಕಂಠಕ್ಕೆ ಇದೇ ಅಂಟು ಹಿಡಿಯುತ್ತಿತ್ತು. ಎಂದೂ ಒಣಗದ ಹರಳೆಣ್ಣೆಯ ಹಾಗಲ್ಲ ಇದು. ಗಾಳಿಗೆ ಬಿಟ್ಟರೆ ತಿಂಗಳು ಕಳೆದಂತೆ ಗಟ್ಟಿಯಾಗಿ, ಚಾಕುವಿನಿಂದ ಕೆರೆದರೂ ಬಿಡುವುದಿಲ್ಲ.

"ಈ ಲಾರಿಗೆ ಕುಸುಬಿ ಎಣ್ಣಿ ಹಾಕಿದವ್ರ ಯಾರಲೇ?"

"ಯಾವ ಹುಚ್ಚ ಹಾಕ್ತಾನ್ರಿ?" ಮಶಾಕಸಾಬನಿಗೆ ಅವಮಾನವಾದಂತಾಯಿತು. "ಇದಕ್ಕ ಗೇರ್ ಆಯಿಲ್ ಹಾಕೋದು."

"ನಾ ಹಾಕೇನ್ರಿ."

ಎಲ್ಲರೂ ತಿರುಗಿದರು. ದುರಗವ್ವ ಮುಂದೆ ಬಂದಿದ್ದಳು. ಅಪರಾಧ ಮಾಡಿದವಳ ಹಾಗೆ ತಲೆ ತಗ್ಗಿಸಿದ್ದಳು.

"ಅಮಾಸಿಗೆ ಅಮಾಸಿಗೆ ಲಾರಿ ಪೂಜಿ ಮಾಡ್ತಿದ್ನ್ರಿ. ಕಾಯಿ ಒಡದು, ಲಿಂಬಿಹಣ್ಣು ಕಟ್ಟಿ. ನಮ್ಮ ತವರಾಗ ಮಳಿಗಾಲಕ್ಕ ಗಾಡಿ ನಿಂತ್ರ ಕೀಲ ಹಿಡೀಬಾರದಂತ ಎಣ್ಣಿ ಎರೀತಾರ್ರಿ. ಇದೂ ನಿಂತ ಗಾಡಿ ಅಲ್ರಿ? ಚಕ್ರದ ಬುಡಕ ಸಂದಿ ಐತೆಲ್ಲ, ಅಲ್ಲಿ ಎರದೆ."

"ಹರಳೆಣ್ಣಿ ಹಾಕಬಾರದಿತ್ತೇನು?"

"ಹರಳೆಣ್ಣಿ ಗಾಡಿಗ್ರಿ. ಇದು ನಮಗ ಅನ್ನ ಕೊಡೋ ದೇವ್ರು. ದೇವ್ರ ದೀಪಕ್ಕ ಹಾಕೋ ಕುಸುಬಿ ಎಣ್ಣೀನ ತಂದು ಹಾಕ್ದೆ."

ಯಾರೋ ಹಮಾಲ ನಗಲು ಹೋಗಿ, ಫೌಜದಾರನ ಮುಖ ನೋಡಿ ನಿಲ್ಲಿಸಿದ.

"ಯಾವಾಗಿಂದ?"

"ಲಾರಿ ಶೆಡ್ಡಿಗೆ ಬಂದಾಗಿಂದ್ರಿ. ಕಾರಹುಣ್ಣಿವಿ ಮುಂದ ನಿಂತಿದ್ದು. ದೀಪಾವಳಿ ಅಮಾಸಿಗೆ ನಮ್ಮವ್ರು ಚಕ್ರ ತಿರಿವಿ ನೋಡಿದ್ರು, ತಿರುಗಲಿಲ್ಲ. ಅಗದಿ ಬೈದ್ರ್ರಿ ನನಗ. ಸಾವಕಾರ್ರಿಗೆ ಗೊತ್ತಾದ್ರ ನೌಕರಿ ಹೋಗತೈತಿ, ಹಂಗಾಮ ಬರೂದ್ರಾಗ ನಾನ ಬಿಡಸ್ತೀನಿ, ನೀ ಬಾಯಿ ಬಿಡಬ್ಯಾಡ ಅಂದಿದ್ರು."

ಮಡಿವಾಳೆಪ್ಪ ಬೆರಳ ಮೇಲೆ ತಿಂಗಳು ಎಣಿಸಿದ.

ದೀಪಾವಳಿಗೇ ತಿರುಗದ ಚಕ್ರ! ಗೂಳಪ್ಪ ಸತ್ತದ್ದು ಸಂಕ್ರಮಣದ ಮರುದಿನ. ಈ ಶೆಡ್ಡಿನಿಂದ ಹೊರಗೆ ಬಂದರೆ ಎದುರಿಗೇ ಗಿರಣಿಯ ಕಲ್ಲಿನ ಗೋಡೆ. ತಿರುಗಿಸದೆ ಲಾರಿ ಅಂಗಳವನ್ನೂ ದಾಟಲಾರದು, ಹಳ್ಳದ ತಿರುವಂತೂ ದೂರದ ಮಾತು. ಅಂದರೆ ಗೂಳಪ್ಪನ ಮೇಲೆ ಹರಿದದ್ದು ಈ ಲಾರಿಯಲ್ಲ. ಈ ಗಾಲಿಗೆ ರಕ್ತ ಬಂದು ಹತ್ತಿದ್ದಲ್ಲ, ಯಾರೋ ತಂದು ಹಚ್ಚಿದ್ದು. ಹುಚ್ಚಪ್ಪ ಸುಳ್ಳು ಹೇಳಿದ್ದಾನೆ.

ಅವನು ನಿರಪರಾಧಿ ಎಂಬುದಕ್ಕೆ ಇದ್ದ ಸಾಕ್ಷಿ ಒಂದೇ ಒಂದು, ಆ ಒಣಗಿದ ಅಂಟು. ಅದನ್ನು ಕಾಸಿ, ಕರಗಿಸಿ, ತೊಳೆದು, ಒರೆಸಿ, ಸುಟ್ಟು ಹಾಕಿದ್ದಾಯಿತು. ಹಚ್ಚು ಎಂದು ಅಪ್ಪಣೆ ಕೊಟ್ಟವನು ಕುಂದಗೋಳ ಠಾಣೆಯ ಫೌಜದಾರ.

ಮಡಿವಾಳೆಪ್ಪ ನೆಲಕ್ಕೆ ಮೊಣಕಾಲೂರಿದ. ಖಾಕಿ ಪ್ಯಾಂಟಿನ ಪರಿವೆಯಿಲ್ಲದೆ ಮಣ್ಣು ಕೆದರಿದ. ಹಳೆಯ ಡೀಸೆಲ್ ಕುಡಿದು ಕುಡಿದು ಕಪ್ಪಾದ ನೆಲ, ಈ ಎಣ್ಣೆಯನ್ನೂ ಕುಡಿದುಬಿಟ್ಟಿತ್ತು. ಯಾವುದು ಕುಸುಬಿ, ಯಾವುದು ಚಿಮಣಿ ಎಣ್ಣೆ ಎಂದು ದೇವರಿಗೂ ಹೇಳಲಾಗದು. ಕೈಯೆಲ್ಲ ಕೆಸರಾಯಿತು. ಅವನಿಗೆ ಅಳು ಬರುವಂತಾಯಿತು.

"ಏನ್ ಹುಡುಕಾಕ ಹತ್ತೀರಿ ಸಾಹೇಬ್ರ?" ಶಂಭುಲಿಂಗಪ್ಪನ ದನಿ ತಲೆಯ ಮೇಲಿನಿಂದ ಬಂತು.

ಮಡಿವಾಳೆಪ್ಪ ಎದ್ದ. "ಸಾವಕಾರ್ರ, ಈ ಲಾರಿ ದೀಪಾವಳಿಯಿಂದ ತಿರುಗಿಲ್ಲ."

"ಯಾರ ಹೇಳಿದ್ರು?"

"ಈಗ ಕೇಳಿದ್ರೆಲ್ಲ ನೀವೂ."

ಶಂಭುಲಿಂಗಪ್ಪ ಧೋತರ ಎತ್ತಿ ಹಿಡಿದು ಲಾರಿಯ ಹತ್ತಿರ ಹೋದ. ಒಂದೇ ಬೆರಳಿನಿಂದ ಚಕ್ರ ತಿರುವಿದ. ಅದು ಸಲೀಸಾಗಿ ಹೊರಳಿತು. "ತಿರಗತೈತಲ್ರಿ."

"ಈಗ ತಿರಗತೈತಿ. ಮುಂಜಾನಿ ತಿರಗತಿರಲಿಲ್ಲ."

"ಹೌದ್ರಿ, ಜಾಮ್ ಆಗಿತ್ತು. ಗೂಳಪ್ಪಗ ಹಾಯ್ದ ಪೆಟ್ಟಿಗೆ. ಮಿಸ್ತ್ರಿ ಹೇಳ್ಯಾನ, ಸಹಿ ಮಾಡ್ಯಾನ, ನಿಮ್ಮ ಹವಾಲ್ದಾರನ ಬರಕೊಂಡಾನ."

ಮಡಿವಾಳೆಪ್ಪ ಮಶಾಕಸಾಬನ ಕಡೆ ನೋಡಿದ. "ಏನೋ ಮಶಾಕ, ಈಗರ ಹೇಳು. ಪೆಟ್ಟಿಗೆ ಜಾಮ್ ಆಗಿತ್ತೋ, ಎಣ್ಣಿ ಅಂಟಿಗೋ?"

ಮಶಾಕಸಾಬ ಸಾವಕಾರನನ್ನು ನೋಡಿದ. ಆಮೇಲೆ ಸುತ್ತ ನಿಂತ ಹಮಾಲರನ್ನು ನೋಡಿದ. ಊರ ಮುಂದೆ ತಾನು ಹೇಳಿದ್ದು ತಪ್ಪೆಂದು ಒಪ್ಪಿಕೊಳ್ಳುವ ಅಭ್ಯಾಸ ಅವನಿಗೆ ಇರಲಿಲ್ಲ. "ಪೆಟ್ಟಿಗೇ ರಿ," ಎಂದ. "ಎಣ್ಣಿಗೆ ಎಲ್ಲಿ ಸ್ಟೇರಿಂಗ್ ಜಾಮ್ ಆಗತೈತ್ರಿ?"

"ವಾಸನಿ ಬಂದದ್ದು?"

"ವಾಸನಿ ಕೋರ್ಟಿಗೆ ಹೆಂಗ ಒಯ್ತೀರಿ?" ಶಂಭುಲಿಂಗಪ್ಪ ನಗಲಿಲ್ಲ, ನಿಜವಾಗಿ ಮರುಕಪಟ್ಟವನ ಹಾಗೆ ಕೇಳಿದ. "ನೋಡ್ರಿ, ಹುಚ್ಚಪ್ಪ ತಾನಾಗಿ ಒಪ್ಪಿಕೊಂಡಾನ. ಈ ಹೆಣ್ಣಮಗಳು ಗಂಡನ್ನ ಉಳಿಸ್ಕೊಳ್ಳಾಕ ಏನೂ ಹೇಳತಾಳ. ತಪ್ಪಲ್ಲ, ಯಾವ ಹೆಂಡ್ತಿ ಆದ್ರೂ ಹೇಳಾಕಿನ. ಆದ್ರ ನಿಮ್ಮ ಕೈಯಾಗ ಉಳಿದದ್ದು ಅಂದ್ರ ಆಕಿ ಮಾತ ಒಂದ."

ಸಾವಕಾರ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಿಟ್ಟು ಮಾಡೋಣವೆಂದರೆ ತನ್ನ ಮೇಲೆ ಬಿಟ್ಟು ಬೇರೆ ಯಾರ ಮೇಲೆ ಮಾಡುವುದು?

ಹೊರಗೆ ಟ್ರ್ಯಾಕ್ಟರ್ ಗುಡುಗುಟ್ಟಿತು. ಮಶಾಕಸಾಬ ಬಿಚ್ಚಿದ್ದನ್ನು ಜೋಡಿಸಿದ ಮೇಲೆ ಲಾರಿಯನ್ನು ಹಗ್ಗಕ್ಕೆ ಕಟ್ಟಿದರು. ಜಪ್ತಿಯಾದ ಗಾಡಿಯ ಮೇಲೆ ಪೊಲೀಸನೊಬ್ಬ ಇರಲೇಬೇಕು, ಸಣ್ಣಪ್ಪ ಏರಿ ಕುಳಿತ. ಮಡಿವಾಳೆಪ್ಪ ದುರಗವ್ವನನ್ನು ಬದಿಗೆ ಕರೆದ. ಗದರಿದ್ದು ನೆನಪಾಗಿ ನಾಚಿಕೆಯಾಯಿತು. ಅದನ್ನು ಹೇಳಲು ಬಾರದೆ ದನಿಯನ್ನಷ್ಟೇ ತಗ್ಗಿಸಿದ.

"ಯಕ್ಕಾ, ಗಿರಣಿ ಮುಂದ ಕುಂದಗೋಳ ಬಸ್ಸು ಬರತೈತಿ. ಹತ್ತಿ ಸೀದಾ ಠಾಣೆಕ ಬಾ. ಈಗ ಹೇಳಿದ್ದೆಲ್ಲ ಬರಕೋತೀನಿ."

"ನಮ್ಮವ್ರನ್ನ ಬಿಡ್ತಾರೇನ್ರಿ?"

"ಬಾ ಮೊದಲ."

ಫಟಫಟಿ ಚಾಲೂ ಮಾಡಿ ಅವನು ಹೊರಟ. ಎರಡೂ ಕಡೆ ಬಿಳಿಜೋಳ ಎದೆಯುದ್ದ ನಿಂತಿತ್ತು. ಹೊಲದ ಅಂಚಿಗೆ ಕುಸುಬಿಯ ಸಾಲು, ಮುಳ್ಳಿನ ನಡುವೆ ಹಳದಿ ಹೂ. ಅದನ್ನು ನೋಡಲಾರದೆ ಅವನು ದಾರಿಯ ಮೇಲೆ ಕಣ್ಣು ನೆಟ್ಟ.

ಠಾಣೆಯಲ್ಲಿ ಹುಚ್ಚಪ್ಪ ಗೋಡೆಗೆ ಆತು ಕೂತಿದ್ದ. ಫೌಜದಾರ ಕಂಬಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕೈಯ ಕೆಸರು ಇನ್ನೂ ತೊಳೆದಿರಲಿಲ್ಲ.

"ಹುಚ್ಚಪ್ಪ, ನೀ ಗೂಳಪ್ಪನ್ನ ಕೊಂದಿಲ್ಲ. ಲಾರಿ ಸ್ಟೇರಿಂಗ್ ದೀಪಾವಳಿಯಿಂದ ಜಾಮ್ ಇತ್ತು. ನನಗ ಗೊತ್ತಾತು."

ಹುಚ್ಚಪ್ಪನ ಮುಖ ಅರಳಿತು. ಠಾಣೆಗೆ ಬಂದಾಗಿನಿಂದ ಮೊದಲ ಸಲ ಅವನು ಮನುಷ್ಯನ ಹಾಗೆ ಉಸಿರಾಡಿದ. ಕಂಬಿ ಹಿಡಿದು ಮುಂದೆ ಬಂದ.

"ಗೊತ್ತಾತ್ರ್ಯಾ ಸಾಹೇಬ್ರ? ನನಗ ಖಾತ್ರಿ ಇತ್ರಿ. ಲಾರಿ ತಗೊಂಡ ಹೋಗಾಕ ಬಂದವ್ರು ಯಾರರೆ ನೋಡ್ತಾರ, ಕೋರ್ಟಿನವ್ರು ತಿರಿವಿ ನೋಡಂತಾರ, ತಿರುಗಂಗಿಲ್ಲ, ಆಗ ನಾ ಬಾಯಿ ಬಿಡಲಾರದನ ಬಿಡುಗಡಿ ಆಗ್ತೀನಿ ಅಂತ. ಅದಕ್ಕ ಒಪ್ಪಿಕೊಂಡಿದ್ನಿ."

"ಒಪ್ಪಿಕೋ ಅಂದವ್ರು ಯಾರು?"

ಹುಚ್ಚಪ್ಪ ಅತ್ತಿತ್ತ ನೋಡಿದ. ಪಹರೆಯ ಪೊಲೀಸ ಹೊರಗಿನ ಕಟ್ಟೆಯ ಮೇಲಿದ್ದ, ಒಳಗೆ ಮತ್ತಾರೂ ಇರಲಿಲ್ಲ.

"ಸಾವಕಾರ್ರು ಗುಡಸಲಿಗೆ ಬಂದಿದ್ರ್ರಿ. ಲಾರಿ ನಿಂದು, ನೀ ಒಪ್ಪಿಕೋ ಅಂದ್ರು. ಒಪ್ಪದಿದ್ರ ಗೂಳಪ್ಪನ ಹಿಂದ ದುರಗವ್ವ ಹೋಗ್ತಾಳ ಅಂದ್ರು. ನಾ ಏನ್ ಮಾಡ್ಲಿ? ನಾ ಸುಳ್ಳ ಹೇಳಿದ್ರೂ ಲಾರಿ ಖರೇ ಹೇಳತೈತಿ ಅಂತ ಧೈರ್ಯ ತಗೊಂಡ್ನಿ. ಅದು ಜಾಮ್ ಇದ್ದದ್ದು ನನಗ, ಆಕಿಗೆ ಇಬ್ರಿಗೇ ಗೊತ್ತಿತ್ತು. ಸಾವಕಾರ್ರಿಗೆ ಗೊತ್ತಿದ್ದಿಲ್ಲ."

ಹುಚ್ಚಪ್ಪನ ಕಣ್ಣು ಫೌಜದಾರನ ಕೈಯ ಮೇಲೆ, ಆ ಕಪ್ಪು ಎಣ್ಣೆಯ ಮೇಲೆ ನಿಂತಿತು.

"ಸಾಹೇಬ್ರ, ಬಿಡಿಸಿದ್ರ್ಯಾ?"

ಮಡಿವಾಳೆಪ್ಪ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಬಿಡಸಬ್ಯಾಡ ಅಂತ ಆಕಿ ಹೇಳಲಿಲ್ಲೇನ್ರಿ? ಅದ ನನ್ನ ಜೀವ ಆಗಿತ್ತಲ್ರೀ ಯಪ್ಪಾ!" ಹುಚ್ಚಪ್ಪ ಹಣೆಯನ್ನು ಕಂಬಿಗೆ ಬಡಿದುಕೊಂಡ. ಒಮ್ಮೆಲೇ ನಿಲ್ಲಿಸಿದ. ದನಿ ಬದಲಾಯಿತು. "ಮತ್ತ ದೀಪಾವಳಿ ಮಾತು ನಿಮಗ ಯಾರ ಹೇಳಿದ್ರು?"

"ದುರಗವ್ವ."

"ಎಲ್ಲಿ ಹೇಳಿದ್ಲು?"

"ಶೆಡ್ಡಿನಾಗ."

"ಸಾವಕಾರ್ರು ಇದ್ರೇನ್ರಿ?"

'ಆಕಿ ಮಾತ ಒಂದ' ಎಂದು ಸಾವಕಾರ ಮರುಕದಿಂದ ಹೇಳಿದ್ದು ಮಡಿವಾಳೆಪ್ಪನಿಗೆ ಈಗ ಅರ್ಥವಾಯಿತು. "ಇದ್ರು," ಎಂದ.

"ಆಕೀ ಈಗ ಎಲ್ಲದಾಳ್ರಿ?"

ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಗುಡಗೇರಿಯ ಬಸ್ಸು. ಮಡಿವಾಳೆಪ್ಪ ಎದ್ದು ಓಡಿದ. ಜನ ಇಳಿಯುತ್ತಿದ್ದರು. ಸಂತೆಯ ಬುಟ್ಟಿಗಳು, ಒಂದು ಕುರಿಮರಿ, ಶಾಲೆಯ ಮಾಸ್ತರು. ಕೊನೆಯವನೂ ಇಳಿದ. ಒಳಗೆ ಹತ್ತಿ ಸೀಟು ಸೀಟು ನೋಡಿದ. ಬಸ್ಸು ಖಾಲಿಯಾಗಿತ್ತು.

"ಗಿರಣಿ ಮುಂದ ಒಬ್ಬಾಕಿ ಹೆಣ್ಣಮಗಳು ಹತ್ತಲಿಲ್ಲೇನು?" ಎಂದು ಕಂಡಕ್ಟರನ ತೋಳು ಹಿಡಿದ.

"ಹುಚ್ಚಪ್ಪನ ಹೆಂಡ್ತೀರಿ? ಹತ್ತಿದ್ಲು. ತಿಕೀಟೂ ಕೊಟ್ಟಿದ್ನಿ. ಅಷ್ಟ್ರಾಗ ಸಾವಕಾರ್ರ ಜೀಪು ಬಂದು ಬಾಜೂಕ ನಿಂತು. ಫೌಜದಾರ್ರು ಲಗೂನ ಕರಕೊಂಡ ಬಾ ಅಂದಾರ, ಇಳಿ ಅಂದ್ರು. ನಿಮ್ಮ ಹೆಸರ ಹೇಳಿದ್ಮ್ಯಾಲ ಆಕಿ ಇಳದ ಹೋದ್ಲು, ನಾ ಏನ್ ಅನ್ಲಿರಿ?"

"ಜೀಪು ಯಾವಾಗ ಹೊಂಟಿತು?"

ಕಂಡಕ್ಟರ್ ಠಾಣೆಯ ಖಾಲಿ ಅಂಗಳವನ್ನೊಮ್ಮೆ, ಫೌಜದಾರನ ಮುಖವನ್ನೊಮ್ಮೆ ನೋಡಿದ.

"ನಮಕಿಂತ ಮೊದಲ ಹೊಂಟಿತಲ್ರಿ ಸಾಹೇಬ್ರ. ಇನ್ನೂ ಬಂದಿಲ್ಲೇನು?"